ಹೆಣ್ಣು ನೋಡಲು ಹೊರಟ ಡೀಸೆಲ್ ಕಾರು

ಕೆಟ್ಟು ನಿಂತ ವಸ್ತುವಿಗೆ ಪ್ರದಕ್ಷಿಣೆ ಬರುವ ಅಭ್ಯಾಸ ಗಂಡಸರಿಗೆ ಎಲ್ಲಿಂದ ಬಂತೋ ನನಗೆ ತಿಳಿಯದು. ಹೆಂಗಸರಲ್ಲಿ ಇದನ್ನು ನಾನು ಕಂಡಿಲ್ಲ. ಒಲೆ ಹೊಗೆಯಾಡಿದರೆ ಅವರು ಒಲೆಯ ಸುತ್ತ ತಿರುಗುವುದಿಲ್ಲ. ಬಗ್ಗಿ ಬೂದಿ ಕೆದಕುತ್ತಾರೆ, ಹಸಿ ಸೌದೆಯನ್ನು ಹಿಂದಕ್ಕೆಳೆಯುತ್ತಾರೆ, ಅಲ್ಲಿಗೆ ಕೆಲಸ ಮುಗಿಯಿತು. ನಾವಾದರೆ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಒಂದು ಸುತ್ತು ಬರಬೇಕು, "ಹೂಂ" ಅನ್ನಬೇಕು, ಕಾಲಿನಿಂದ ಮೆಲ್ಲಗೆ ಒಂದು ಸಲ ಒದೆಯಬೇಕು, ಮತ್ತೆ ಇನ್ನೊಂದು ಸುತ್ತು ಬರಬೇಕು. ಯಂತ್ರಗಳ ವಿಷಯದಲ್ಲಿ ನನ್ನ ವಿದ್ಯೆ ಇಷ್ಟೇ ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಈ ವಿದ್ಯೆಯನ್ನೇ ನೆಚ್ಚಿಕೊಂಡು ನಾನು ಒಂದು ಇಡೀ ಬೇಸಿಗೆ ಹಳೆಯ ಡೀಸೆಲ್ ಕಾರೊಂದರ ರೋಗ ಹುಡುಕಿದೆ. ಬರೀ ಕಾರಾಗಿದ್ದರೆ ಚಿಂತೆಯಿರಲಿಲ್ಲ, ಒಂದು ಹುಡುಗಿಯ ಮದುವೆಯೂ ಆ ರೋಗಕ್ಕೆ ಸಿಕ್ಕಿಹಾಕಿಕೊಂಡಿತ್ತು.

ಕಾರು ನನ್ನದೆಂದು ನಾನು ಹೇಳಿಕೊಳ್ಳುತ್ತಿದ್ದೆನಾದರೂ ನಿಜವಾಗಿ ಅದು ನನ್ನ ಮಾವನವರದು. ಮಾವ ಮುನಿಶಾಮಪ್ಪನವರಿಗೆ ಹೊಸಕೋಟೆಯಲ್ಲಿ ಅಕ್ಕಿ ಗಿರಣಿ ಇತ್ತು. ಯುದ್ಧದ ಕಾಲದಲ್ಲಿ ಪೆಟ್ರೋಲಿಗೆ ರೇಷನ್ ಬಂದು, ಬಸ್ಸುಗಳೆಲ್ಲ ಬೆನ್ನಿಗೆ ಇದ್ದಿಲ ಒಲೆ ಕಟ್ಟಿಕೊಂಡು ಓಡಾಡುತ್ತಿದ್ದಾಗ ಅವರಿಗೆ ಒಂದು ಯೋಚನೆ ಹೊಳೆಯಿತು. ಗಿರಣಿಯ ಎಂಜಿನ್ನಿಗೆ ಕ್ರೂಡಾಯಿಲ್ ಹೇಗೂ ಸಿಗುತ್ತಿತ್ತು. ಕಾರೂ ಅದನ್ನೇ ಕುಡಿಯಲಿ ಎಂದು ತಮ್ಮ ಹಳೆಯ ಕಾರಿನ ಪೆಟ್ರೋಲ್ ಎಂಜಿನ್ ಕೀಳಿಸಿ, ಎಲ್ಲಿಂದಲೋ ತರಿಸಿದ ಡೀಸೆಲ್ ಎಂಜಿನ್ನೊಂದನ್ನು ಅದರ ಹೊಟ್ಟೆಗೆ ಕೂರಿಸಿದರು. ಆ ಕಾರು ಬೀದಿಗಿಳಿದರೆ ಗಿರಣಿ ಶುರುವಾಯಿತೆಂದು ತಿಳಿದು ಜನ ಭತ್ತದ ಮೂಟೆ ಹೊರಿಸಿಕೊಂಡು ಬಂದದ್ದೂ ಉಂಟು. ಯುದ್ಧ ಮುಗಿದ ಮೇಲೆ ಮಾವನವರಿಗೆ ಮಂಡಿನೋವು ಬಂದು, ಕಾರಿಗೆ ಹತ್ತುವುದೂ ಇಳಿಯುವುದೂ ಕಷ್ಟವಾಗಿ, ಅದನ್ನು ಅಳಿಯನಾದ ನನಗೆ ಕೊಟ್ಟರು. ಹೆಂಡತಿಯ ತವರಿನಿಂದ ಬಂದ ವಸ್ತುವಿನಲ್ಲಿ ದೋಷ ಹುಡುಕುವುದು ಎಷ್ಟು ಅಪಾಯವೆಂಬುದು ಮದುವೆಯಾದವರಿಗೆಲ್ಲ ಗೊತ್ತು. ಕಾರು ಕೆಮ್ಮಿದರೆ ನನ್ನ ಹೆಂಡತಿ ಜಯಮ್ಮ ಕಾರಿನ ಕಡೆ ನೋಡುತ್ತಿರಲಿಲ್ಲ, ನನ್ನ ಕಡೆ ನೋಡುತ್ತಿದ್ದಳು.

ನಮ್ಮ ಬಾಡಿಗೆ ಮನೆಯಲ್ಲಿ ಕಾರು ನಿಲ್ಲಿಸಲು ಜಾಗವಿರಲಿಲ್ಲ. ಅದು ಎರಡು ಬೀದಿಯಾಚೆ ಮಾವನವರ ಗಿರಣಿಯ ಅಂಗಳದಲ್ಲಿ, ತಗಡಿನ ಕೊಟ್ಟಿಗೆಯೊಳಗೆ ಇರುತ್ತಿತ್ತು. ನಾನು ಬೆಳಿಗ್ಗೆ ಕರಿಕೋಟು ಹೆಗಲಿಗೆ ಹಾಕಿಕೊಂಡು ಅಲ್ಲಿಗೆ ನಡೆದು ಹೋಗಿ, ಕಾರು ಹತ್ತಿ ಬೆಂಗಳೂರಿನ ಕೋರ್ಟಿಗೆ ಹೋಗುತ್ತಿದ್ದೆ. ಕಾರು ಅಲ್ಲಿದ್ದುದರಿಂದ ಅದರ ಪೂಜೆಯೂ ಆ ಮನೆಯವರದೇ ಆಗಿತ್ತು. ಶುಕ್ರವಾರ ಶುಕ್ರವಾರ, ಮತ್ತೆ ಯಾವುದಾದರೂ ಶುಭಕಾರ್ಯಕ್ಕೆ ಹೊರಡುವ ದಿನ, ನಾಲ್ಕು ಕಡೆ ಅರಿಸಿನ ಕುಂಕುಮ ಇಡಬೇಕೆಂಬುದು ನನ್ನ ಅತ್ತೆಯ ಕಟ್ಟಳೆ. ಎರಡು ದೀಪಗಳಿಗೆ, ಸ್ಟೀರಿಂಗ್ ಚಕ್ರಕ್ಕೆ, ಕೊನೆಗೆ ಹಿಂದಿನ ಟ್ಯಾಂಕಿನ ಮುಚ್ಚಳಕ್ಕೆ. ಮುಚ್ಚಳಕ್ಕೇಕೆ ಎಂದು ನಾನು ಒಮ್ಮೆ ಕೇಳಿದ್ದೆ. "ಅದು ಉಣ್ಣೋ ಬಾಯಲ್ವಾ ಅಳೀಂದ್ರೆ, ಅದಕ್ಕಿಡದೆ ಬಿಟ್ರೆ ಆಯ್ತದಾ" ಎಂದರು ಅತ್ತೆ. ನಾನು ವಾದ ಮಾಡಲಿಲ್ಲ. ಆ ಪೂಜೆಯನ್ನು ಮಾಡುತ್ತಿದ್ದವಳು ರತ್ನ, ನನ್ನ ಹೆಂಡತಿಯ ತಂಗಿ.

ರತ್ನನಿಗೆ ಆಗ ಹತ್ತೊಂಬತ್ತು ವರ್ಷ. ಲೋಯರ್ ಸೆಕೆಂಡರಿ ಪಾಸು ಮಾಡಿದ್ದಳು. ಮುಂದಕ್ಕೆ ಓದಿಸಲು ಮಾವನವರು ಮನಸ್ಸು ಮಾಡಲಿಲ್ಲ. ಮದುವೆ ಮಾಡಲು ಮಾತ್ರ ಬಹಳ ಮನಸ್ಸು ಮಾಡಿದ್ದರು. ಅವಳು ಅಕ್ಕಿ ಮೂಟೆಗಳ ಮೇಲೆ ಕುಳಿತು ಹಳೆಯ ಪತ್ರಿಕೆ ಓದುತ್ತಿದ್ದಳು, ಗಿರಣಿಯ ಎಂಜಿನ್ ಓಡಿಸುತ್ತಿದ್ದ ಪೀರು ಸಾಹೇಬರ ಹತ್ತಿರ ಏನೇನೋ ಕೇಳುತ್ತಿದ್ದಳು. ನನ್ನೆದುರು ಮಾತು ಕಡಿಮೆ. ನಾನು ಏನು ಹೇಳಿದರೂ "ಹೌದಾ ಭಾವ" ಅನ್ನುತ್ತಿದ್ದಳು. ನಾನು ವಕೀಲ. ಹಾಗೆ ತಲೆಯಾಡಿಸಿ ಕೇಳುವವರು ಸಿಕ್ಕರೆ ನನಗೆ ಹೊತ್ತು ಹೋದದ್ದೇ ತಿಳಿಯುತ್ತಿರಲಿಲ್ಲ. ತುಂಬಾ ವಿಧೇಯಳಾದ ಹುಡುಗಿ ಎಂದು ನಾಲ್ಕಾರು ಜನರ ಮುಂದೆ ಹೊಗಳಿಯೂ ಇದ್ದೆ.

ಗಂಡು ಹುಡುಕುವ ಕೆಲಸ ಶುರುವಾದಾಗ ಮಾವನವರು ನನ್ನನ್ನು ಕರೆದು, "ಅಳೀಂದ್ರೆ, ಗಂಡಿನ ಕಡೆಯೋರ್ನ ಬಸ್ಸಲ್ಲಿ ಬನ್ನಿ ಅನ್ನೋಕಾಗ್ತದಾ. ನಮ್ಮ ಕಾರಲ್ಲಿ ನೀವೇ ಹೋಗಿ ಕರ್ಕೊಂಡು ಬಂದ್ರೆ ಒಂದು ಗೌರವ" ಎಂದರು. ನನಗೂ ಹುರುಪು ಬಂತು. ವಕೀಲನಾದ್ದರಿಂದ ಮೊದಲೇ ಒಂದು ಸಲ ಹೋಗಿ ಗಂಡನ್ನು ವಿಚಾರಿಸಿಕೊಂಡು ಬಂದು ಮನೆಯಲ್ಲಿ ವರದಿ ಒಪ್ಪಿಸುವ ಕೆಲಸವನ್ನೂ ನಾನೇ ತಲೆಯ ಮೇಲೆ ಹಾಕಿಕೊಂಡೆ. ಮೊದಲನೆಯ ಗಂಡು ದೇವನಹಳ್ಳಿ ಕಡೆಯ ಆವತಿಯವನು. ದೊಡ್ಡ ಮನೆ, ಕೊಟ್ಟಿಗೆಯಲ್ಲಿ ಹದಿನಾರು ಹಸು. ನಾನು ಬಂದು ಕಾಫಿ ಕುಡಿಯುತ್ತಾ ಎಲ್ಲರ ಮುಂದೆ ವರ್ಣಿಸಿದೆ. "ಚಿನ್ನದಂಥ ಹುಡುಗ. ಅವರಮ್ಮ ಹಾಕಿದ ಗೆರೆ ದಾಟೋದಿಲ್ಲ. ನಾನು ಇವನನ್ನ ಏನೇ ಕೇಳಿದ್ರೂ ಅವರಮ್ಮನೇ ಉತ್ತರ ಕೊಟ್ರು. ಮನೇಲಿ ಓದೋ ಬರೆಯೋ ಗಲಾಟೆ ಇಲ್ಲ. ಸೊಸೆ ಬಂದ್ರೆ ಹಸು ಕರೆಯೋ ಆಳನ್ನ ಬಿಡಿಸಿಬಿಡ್ತಾರಂತೆ." ಲೋಟ ತೆಗೆದುಕೊಳ್ಳಲು ಬಂದ ರತ್ನ, "ಹೌದಾ ಭಾವ" ಎಂದು ಒಳಗೆ ಹೋದಳು.

ಗೊತ್ತಾದ ದಿನ ಬೆಳಿಗ್ಗೆ ಕಾರನ್ನು ತೊಳೆದು, ನಾಲ್ಕೂ ಕಡೆ ದೊಡ್ಡ ದೊಡ್ಡದಾಗಿ ಕುಂಕುಮವಿಟ್ಟು ರತ್ನ ಸಿದ್ಧಮಾಡಿದ್ದಳು. ಹೊರಟ ಐದಾರು ಮೈಲಿಗೆ ಕಾರು ಏದುಸಿರು ಬಿಡಲು ಶುರುಮಾಡಿತು. ಏರು ಬಂದಲ್ಲಿ ಕಾಲೆಳೆಯಿತು, ಗೊರಗೊರ ಎಂದಿತು, ಆಮೇಲೆ ನಿಂತೇ ಹೋಯಿತು. ಇಳಿದು ನನ್ನ ವಿದ್ಯೆಯನ್ನೆಲ್ಲ ಪ್ರಯೋಗಿಸಿದೆ. ಎರಡು ಸುತ್ತು ಬಂದೆ. ಬಾನೆಟ್ಟು ಎತ್ತಿ ನೋಡಿದೆ. ಟ್ಯಾಂಕಿನ ಮುಚ್ಚಳ ತೆಗೆದು ಒಳಕ್ಕೆ ಬಿದಿರು ಕಡ್ಡಿ ಇಳಿಸಿ ಎಣ್ಣೆ ಇದೆಯೇ ಎಂದು ನೋಡಿ ಮತ್ತೆ ಮುಚ್ಚಿದೆ. ಪೀರು ಸಾಹೇಬರು ಹೇಳಿಕೊಟ್ಟಿದ್ದಂತೆ ಪಂಪಿನ ಪಕ್ಕದ ಸಣ್ಣ ಹಿಡಿಯನ್ನು ಇಪ್ಪತ್ತು ಸಲ ಒತ್ತಿದೆ. ಚಕ್ರಕ್ಕೊಂದು ಒದೆ ಕೊಟ್ಟೆ. ನೀರು ಕುಡಿದೆ. ಕಾರು ಹೊರಟಿತು. ಇಷ್ಟರಲ್ಲಿ ಯಾವುದರಿಂದ ಹೊರಟಿತು ಎಂದು ನನ್ನನ್ನು ಕಟಕಟೆಯಲ್ಲಿ ನಿಲ್ಲಿಸಿ ಕೇಳಿದ್ದರೂ ಹೇಳಲಾರದವನಾಗಿದ್ದೆ. ಸಾಕ್ಷಿಗಳನ್ನು ಒಬ್ಬೊಬ್ಬರನ್ನಾಗಿ ವಿಚಾರಿಸಬೇಕು, ಒಟ್ಟಿಗೆ ನಿಲ್ಲಿಸಿ ಕೇಳಬಾರದು ಎಂದು ನನ್ನ ಕೈಕೆಳಗಿನ ಹೊಸ ವಕೀಲರಿಗೆ ಪಾಠ ಹೇಳುತ್ತಿದ್ದವನು ನಾನೇ.

ಹೋಗುವಾಗ ಎರಡು ಸಲ ನಿಂತಿತು. ನನ್ನೊಬ್ಬನ ಮುಂದೆ ನಿಂತರೆ ಅದು ನಮ್ಮ ಮನೆಯ ಮಾತು. ಆದರೆ ಬರುವಾಗ ಹಿಂದಿನ ಸೀಟಿನಲ್ಲಿ ಆವತಿಯ ಗಂಡು, ಅವನ ತಾಯಿ, ಸೋದರಮಾವ ಮೂವರೂ ಕುಳಿತಿದ್ದರು. ಬೂದಿಗೆರೆಯ ಹತ್ತಿರ ಕಾರು ಗೊರಗೊರ ಎಂದಿತು. ನಾನಿಳಿದು ಸುತ್ತು ಬರುವಷ್ಟರಲ್ಲಿ ಸೋದರಮಾವ ಕೆಳಗಿಳಿದು ಪಂಚೆ ಕೊಡವಿಕೊಳ್ಳುತ್ತಿದ್ದ. "ಹೆಣ್ ನೋಡೋಕೆ ಹೊರಟ್ರೆ ದಾರೀಲೇ ನಿಂತ್ಹೋಯ್ತಲ್ಲ ಸ್ವಾಮಿ. ಇದು ಒಳ್ಳೇದಲ್ಲ" ಎಂದ. "ಎಣ್ಣೆಯ ತೊಂದರೆ ಅಷ್ಟೆ" ಎಂದೆ. ಗಂಡು ತನ್ನ ತಾಯಿಯ ಮುಖ ನೋಡಿದ. ತಾಯಿ ಆಕಾಶ ನೋಡಿದಳು. ಹತ್ತು ನಿಮಿಷದಲ್ಲಿ ಎದುರಿನಿಂದ ಬಂದ ಬಸ್ಸಿಗೆ ಕೈಯೊಡ್ಡಿ ಮೂವರೂ ದೇವನಹಳ್ಳಿಯ ಕಡೆಗೆ ಹೊರಟುಹೋದರು. ಅವರು ಹೋದ ಎರಡು ನಿಮಿಷಕ್ಕೆ ಕಾರು ಶುರುವಾಯಿತು. ಖಾಲಿ ಕಾರನ್ನು ಗಿರಣಿಯ ಅಂಗಳಕ್ಕೆ ತಂದು ನಿಲ್ಲಿಸಿದಾಗ, ರೇಷ್ಮೆ ಸೀರೆಯುಟ್ಟು ಹೂಮುಡಿದು ಕುಳಿತಿದ್ದ ರತ್ನನನ್ನು ನೋಡಲಾರದೆ ನಾನು ಮತ್ತೆ ಬಾನೆಟ್ಟು ಎತ್ತಿಕೊಂಡು ನಿಂತೆ.

ಮಾರನೆಯ ದಿನದಿಂದ ರೋಗಪರೀಕ್ಷೆ ಆರಂಭವಾಯಿತು. ಪೀರು ಸಾಹೇಬರು ಎರಡು ದಿನ ಕಾರಿನ ಕೆಳಗೇ ಇದ್ದರು. ಅವರು ಅಪ್ಪಟ ಕೆಲಸಗಾರರು. ಎಂಜಿನ್ನಿನ ಸದ್ದು ಕೇಳಿಯೇ ಯಾವ ತಿರುಪು ಸಡಿಲವಾಗಿದೆ ಎಂದು ಹೇಳಬಲ್ಲವರು. ಎಣ್ಣೆ ಶೋಧಿಸುವ ಬಟ್ಟೆ ಬದಲಾಯಿಸಿದರು, ತಾಮ್ರದ ನಳಿಗೆಯನ್ನು ಬಿಚ್ಚಿ ಬಾಯಿಂದ ಊದಿದರು, ಪಂಪಿನ ಹತ್ತಿರದ ತಿರುಪು ಸಡಿಲಿಸಿ ಒಳಗಿನ ಗುಳ್ಳೆಗಳೆಲ್ಲ ಹೊರಬರುವ ತನಕ ಎಣ್ಣೆ ಹರಿಸಿದರು. "ನಳಿಗೇಲಿ ಹವಾ ಸೇರ್ಕೊಂಡಿತ್ತು ಸಾಮಿ. ಡೀಸೆಲ್ ಗಾಡಿಗೆ ಹವಾ ಅಂದ್ರೆ ದುಶ್ಮನ್. ಈಗ ತೆಗ್ದಿದೀನಿ" ಎಂದರು. ನಮ್ಮ ಬೀದಿಯ ಆಯುರ್ವೇದ ಪಂಡಿತರು ಹಾದುಹೋಗುತ್ತಾ ವಿಷಯ ಕೇಳಿ ಬಹಳ ಸಂತೋಷಪಟ್ಟರು. "ನಾನು ಹೇಳಲಿಲ್ಲವೇ, ವಾಯು. ಮನುಷ್ಯನಿಗೂ ಅಷ್ಟೇ, ಇದಕ್ಕೂ ಅಷ್ಟೇ" ಎಂದರು. ಅವರು ಹಿಂದೆ ಏನೂ ಹೇಳಿರಲಿಲ್ಲ. ಪೋಸ್ಟ್ ಮಾಸ್ಟರರು ಎಣ್ಣೆಯಲ್ಲಿ ನೀರು ಬೆರೆತಿದೆ ಎಂದರು. ನನ್ನ ಕಕ್ಷಿದಾರನೊಬ್ಬ ಎಣ್ಣೆ ಡ್ರಮ್ಮಿನೊಳಗೆ ಜಿರಲೆ ಬಿದ್ದಿರಬೇಕೆಂದ. ಮಾವನವರು ಮಾತ್ರ, "ನಾನು ಆರು ವರ್ಷ ಓಡಿಸ್ದೆ, ಒಂದಿನ ನಿಂತಿಲ್ಲ" ಎಂದಷ್ಟೇ ಹೇಳಿದರು. ಅದರ ಅರ್ಥವನ್ನು ಜಯಮ್ಮ ನನಗೆ ಮನೆಯಲ್ಲಿ ಬಿಡಿಸಿ ಹೇಳಿದಳು.

ವಿಚಿತ್ರವೆಂದರೆ ಆಮೇಲೆ ಕಾರು ಒಂದು ತಿಂಗಳು ಗುಂಡುಕಲ್ಲಿನ ಹಾಗಿತ್ತು. ಬೆಂಗಳೂರಿಗೆ ಹೋಯಿತು, ಬಂತು. ಎಲ್ಲಿಯೂ ನಿಲ್ಲಲಿಲ್ಲ. ಪೀರು ಸಾಹೇಬರ ಕೈಗುಣವನ್ನು ನಾನು ಕೋರ್ಟಿನಲ್ಲೆಲ್ಲ ಕೊಂಡಾಡಿದೆ. ಅಷ್ಟರಲ್ಲಿ ಎರಡನೆಯ ಗಂಡು ಗೊತ್ತಾಯಿತು, ದೊಡ್ಡಬಳ್ಳಾಪುರದ ಜವಳಿ ಅಂಗಡಿಯವನು. ನಾನು ಮುಂಚಿತವಾಗಿ ಹೋಗಿ ಬಂದು ವರದಿ ಒಪ್ಪಿಸಿದೆ. "ಬಹಳ ಕಟ್ಟುನಿಟ್ಟಿನ ಮನುಷ್ಯ. ಹುಡುಗಿ ಮಾತು ಕಮ್ಮಿ ತಾನೆ ಅಂತ ಮೂರು ಸಲ ಕೇಳಿದ. ಕಮ್ಮಿ ಅಂತ ನಾನು ಮಾತು ಕೊಟ್ಟು ಬಂದಿದೀನಿ. ಹೆಂಗಸರು ಒಳಗಿದ್ರೂ ಮನೆ ಬಾಗಿಲಿಗೆ ಬೀಗ ಹಾಕಿ ಬೀಗದಕೈ ಸೊಂಟಕ್ಕೆ ಸಿಕ್ಕಿಸಿಕೊಂಡೇ ಅಂಗಡಿಗೆ ಹೋಗ್ತಾನೆ, ಅಷ್ಟು ಜವಾಬ್ದಾರಿ." ರತ್ನ ಬಾಗಿಲ ಸಂದಿಯಿಂದಲೇ "ಹೌದಾ ಭಾವ" ಎಂದಳು. ಆ ದಿನ ಪೂಜೆ ಮೊದಲಿಗಿಂತ ಜೋರಾಗಿ ನಡೆಯಿತು. ಅತ್ತೆ ಕಾರಿನ ಮೂತಿಗೆ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿದರು. ಈಡುಗಾಯಿ ಒಡೆದದ್ದಾಯಿತು. ಕಾರು ಹೋಗುವಾಗ ಮೂರು ಸಲ, ಬರುವಾಗ ದೇವನಹಳ್ಳಿಯ ಕೋಟೆ ಕಣ್ಣಿಗೆ ಬೀಳುವಷ್ಟರಲ್ಲಿ ಮೂರು ಸಲ ನಿಂತಿತು. ಮೂರನೆಯ ಸಲ ಜವಳಿ ಅಂಗಡಿಯವನು ಇಳಿದು, ಸೊಂಟದ ಬೀಗದಕೈ ಇದೆಯೇ ಎಂದು ಮುಟ್ಟಿ ನೋಡಿಕೊಂಡು, "ನಮಸ್ಕಾರ ವಕೀಲ್ರೇ" ಎಂದು ಊರಿನ ದಾರಿ ಹಿಡಿದ.

ಈಗ ಮಾತು ಕಾರನ್ನು ಬಿಟ್ಟು ಹುಡುಗಿಯ ಮೇಲೆ ಬಂತು. ಕೋರ್ಟಿಗೆ ಹೋದರೆ ನಿಲ್ಲದ ಕಾರು ಗಂಡಿನ ಕಡೆಯವರು ಕೂತರೆ ಏಕೆ ನಿಲ್ಲುತ್ತದೆ ಎಂದು ಊರಿನವರು ಕೇಳಿದರು. ನ್ಯಾಯವಾದ ಪ್ರಶ್ನೆಯೇ. ಹುಡುಗಿಯ ಜಾತಕದಲ್ಲೇ ಏನೋ ಇರಬೇಕೆಂದು ಅವರೇ ಉತ್ತರವನ್ನೂ ಕೊಟ್ಟುಕೊಂಡರು. ಮಾವನವರು ಗಿರಣಿಯ ಜಗುಲಿಯಲ್ಲಿ ಎಲೆ ಅಡಿಕೆ ಮುಂದಿಟ್ಟುಕೊಂಡು ಹಾಕಿಕೊಳ್ಳದೆ ಕೂರುತ್ತಿದ್ದರು. ಸಮೇತನಹಳ್ಳಿಯಲ್ಲಿ ಅವರ ದೂರದ ನೆಂಟನೊಬ್ಬನಿದ್ದ. ನಲವತ್ತು ದಾಟಿದವನು, ಹೆಂಡತಿ ತೀರಿಕೊಂಡು ಇಬ್ಬರು ಮಕ್ಕಳಿದ್ದರು. ಹೆಣ್ಣನ್ನು ನೋಡುವುದೇನೂ ಬೇಡ, ಗೊತ್ತಿರುವ ಹುಡುಗಿಯೇ, ಹೂಂ ಅಂದರೆ ಸಾಕು ಎಂದು ಅವನು ಹೇಳಿ ಕಳಿಸಿದ್ದ. "ತ್ಯಾಮಗೊಂಡ್ಲಿಂದ ಒಂದು ಸಂಬಂಧ ಬಂದೈತೆ. ಇದೂ ದಾರೀಲಿ ನಿಂತ್ರೆ ಸಮೇತನಹಳ್ಳಿಗೆ ಹೂಂ ಅಂತ ಹೇಳಿ ಕಳಿಸ್ಬಿಡ್ತೀನಿ ಅಳೀಂದ್ರೆ" ಎಂದರು ಮಾವ. ಅವರು ನನ್ನನ್ನು ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ನನಗೆ ಆ ವಾರವೆಲ್ಲ ಊಟ ರುಚಿಸಲಿಲ್ಲ. ಒಂದು ಹುಡುಗಿಯ ಬಾಳು ನನ್ನ ಕಾಲ ಕೆಳಗಿನ ಪೆಡಲಿನ ಮೇಲೆ ನಿಂತಿದೆ ಅನ್ನಿಸುತ್ತಿತ್ತು.

ಬೇರೆ ಕಾರು ತೆಗೆದುಕೊಂಡು ಹೋಗಬಾರದಿತ್ತೇ ಎಂದು ನೀವು ಕೇಳಬಹುದು. ನಾನೂ ಜಯಮ್ಮನನ್ನು ಹಾಗೆಯೇ ಕೇಳಿದೆ. "ನಮ್ಮಪ್ಪ ಕೊಟ್ಟ ಕಾರು ಬ್ಯಾಡ ಅಂತ ಊರೆಲ್ಲ ಸಾರಿ ಬನ್ನಿ" ಎಂದಳು. ಅಲ್ಲಿಗೆ ಅದು ಇತ್ಯರ್ಥವಾಯಿತು. ಪೀರು ಸಾಹೇಬರು ಇನ್ನೊಂದು ಸಲ ಎಲ್ಲವನ್ನೂ ಬಿಚ್ಚಿ ಜೋಡಿಸಿದರು. "ಸಾಮಿ, ಈ ಗಾಡಿಗೆ ಏನೂ ಆಗಿಲ್ಲ. ಅಲ್ಲಾನಾಣೆ" ಎಂದು ಕೈತೊಳೆದುಕೊಂಡರು. ಈ ಸಲ ಮುಂಚಿತವಾಗಿ ಹೋಗಿ ವಿಚಾರಿಸಲು ನನಗೆ ಪುರಸೊತ್ತಾಗಲಿಲ್ಲ. ರತ್ನ ಕಾಫಿ ಕೊಡುತ್ತಾ ತಾನಾಗಿಯೇ ಕೇಳಿದಳು, "ಈ ಸಲದೋರು ಹೆಂಗವ್ರೆ ಭಾವ." ಅವಳು ಹಾಗೆ ಕೇಳಿದ್ದು ಅದೇ ಮೊದಲು. "ಗೊತ್ತಿಲ್ಲಮ್ಮ. ತೆಂಗಿನ ತೋಟ ಇದೆ, ಹೆಸರು ಗಂಗಣ್ಣ. ಅಷ್ಟೇ ಗೊತ್ತಿರೋದು" ಎಂದೆ. ಅವಳು ಹೌದಾ ಅನ್ನಲಿಲ್ಲ. ಒಳಗೆ ಹೋದಳು.

ತ್ಯಾಮಗೊಂಡ್ಲಿಗೆ ಹೋಗುವಾಗ ಕಾರು ಒಂದೇ ಒಂದು ಸಲ ನಿಂತಿತು. ಅದನ್ನು ಗುಣಮುಖದ ಲಕ್ಷಣವೆಂದೇ ಎಣಿಸಿದೆ. ಗಂಡಿನ ಕಡೆಯಿಂದ ಇಬ್ಬರೇ ಹೊರಟರು: ಗಂಗಣ್ಣ, ಮತ್ತು ಅವನ ದೊಡ್ಡಪ್ಪ. ದೊಡ್ಡಪ್ಪ ಹಿಂದೆ ಕುಳಿತು ದಾರಿಯುದ್ದಕ್ಕೂ ಶಕುನಗಳನ್ನು ಎಣಿಸುತ್ತಿದ್ದರು. ಎಡಕ್ಕೆ ಹಾರಿದ ಹಕ್ಕಿ ಯಾವುದು, ಎದುರಿಗೆ ಬಂದ ಕೊಡದಲ್ಲಿ ನೀರಿತ್ತೋ ಇಲ್ಲವೋ ಎಂದು ನನ್ನನ್ನು ಕೇಳುತ್ತಿದ್ದರು. ಗಂಗಣ್ಣ ಮುಂದೆ ನನ್ನ ಪಕ್ಕದಲ್ಲಿ ಕುಳಿತಿದ್ದ. ಇಪ್ಪತ್ತಾರು ವರ್ಷದ ಕಪ್ಪು ಹುಡುಗ, ಉಗುರುಗಳ ಸಂದಿಯಲ್ಲಿ ಗ್ರೀಸು. ಹೆಣ್ಣು ನೋಡಲು ಹೊರಟವನು ಉಗುರು ತೊಳೆದುಕೊಂಡಿಲ್ಲವಲ್ಲ ಎಂದು ನನಗೆ ಅಸಮಾಧಾನವಾಯಿತು. ನೆಲಮಂಗಲ ಇನ್ನೂ ಎರಡು ಮೈಲಿ ಇರುವಾಗ ಕಾರು ಏದುಸಿರು ಬಿಟ್ಟಿತು. ನನ್ನ ಎದೆ ಅದಕ್ಕಿಂತ ಮೊದಲೇ ನಿಂತುಹೋಗಿತ್ತು.

"ಆಯ್ತಲ್ಲ" ಎಂದರು ದೊಡ್ಡಪ್ಪ. ನಾನು ಇಳಿದು ಪ್ರದಕ್ಷಿಣೆಗೆ ಹೊರಟೆ. ಗಂಗಣ್ಣನೂ ಇಳಿದ. ಅವನು ಪ್ರದಕ್ಷಿಣೆ ಬರಲಿಲ್ಲ. "ನಿಧಾನಕ್ಕೆ ಸತ್ತಿದ್ದಲ್ವಾ ಸಾರ್, ತಟ್ಟನೆ ನಿಲ್ಲಲಿಲ್ಲ" ಎಂದ. ಹೌದೆಂದೆ. "ಹಿಂದೆ ಯಾವಾಗ್ಲಾದ್ರೂ ಹಿಂಗೆ ಆಗಿತ್ತಾ" ಎಂದು ಕೇಳಿದ. ದೊಡ್ಡಪ್ಪನಿಗೆ ಕೇಳಿಸದ ಹಾಗೆ ಎರಡು ಗಂಡುಗಳ ಕಥೆಯನ್ನೂ ಹೇಳಿದೆ; ಕೋರ್ಟಿಗೆ ಹೋದರೆ ನಿಲ್ಲುವುದಿಲ್ಲ ಎಂದೂ ಹೇಳಿದೆ. ಅಂಥ ಮಾತನ್ನು ಗಂಡಿಗೇ ಹೇಳಬಾರದಿತ್ತು. ಆದರೆ ಅವನು ಕೇಳಿದ ರೀತಿ ಹಾಗಿತ್ತು. ಅವನು ಸೀದಾ ಹಿಂದಕ್ಕೆ ಹೋಗಿ ಟ್ಯಾಂಕಿನ ಮುಚ್ಚಳಕ್ಕೆ ಕಿವಿಗೊಟ್ಟು ಮೆಲ್ಲಗೆ ತಿರುಗಿಸಿದ. ಒಳಕ್ಕೆ ಸೊಂಯ್ ಎಂದು ಗಾಳಿ ನುಗ್ಗಿದ್ದು ನನಗೂ ಕೇಳಿಸಿತು. ಅಷ್ಟು ಸಲ ಆ ಮುಚ್ಚಳ ತೆಗೆದಿದ್ದೇನೆ, ನನ್ನ ಗೊಣಗಾಟದಲ್ಲಿ ಆ ಸದ್ದು ಒಂದು ಸಲವೂ ಕೇಳಿಸಿರಲಿಲ್ಲ.

"ಟ್ಯಾಂಕಿಗೆ ಉಸಿರು ಕಟ್ಟಿತ್ತು ಸಾರ್. ಎಣ್ಣೆ ಹೊರಗೆ ಹೋದಷ್ಟು ಗಾಳಿ ಒಳಗೆ ಬರ್ಬೇಕು. ಅದಕ್ಕೇಂತ ಮುಚ್ಚಳದಲ್ಲಿ ಒಂದು ಸಣ್ಣ ತೂತು ಇರ್ತದೆ. ನಮ್ಮ ತೋಟದ ಎಂಜಿನ್‌ಗೂ ಹಿಂಗೇ" ಎಂದ. ಮುಚ್ಚಳ ತಿರುಗಿಸಿ ನೋಡಿದರೆ, ಗುಂಡುಸೂಜಿಯ ಮೊನೆ ಹೋಗುವಷ್ಟು ತೂತಿನ ಮೇಲೆ ರತ್ನನ ಕುಂಕುಮದ ಬೊಟ್ಟು ಶೋಭಿಸುತ್ತಿತ್ತು. ಊರಿಗೆ ಊರೇ ಗಾಳಿ ಒಳಗೆ ಸೇರಿದೆ ಎಂದು ಹುಡುಕುತ್ತಿದ್ದಾಗ, ಗಾಳಿ ಒಳಗೆ ಹೋಗದೇ ಇದ್ದದ್ದು ರೋಗವಾಗಿತ್ತು. ಗಂಗಣ್ಣ ಬೇಲಿಯ ಮುಳ್ಳೊಂದನ್ನು ಮುರಿದು ಆ ಬೊಟ್ಟನ್ನು ಕೆರೆದ. ಕೆರೆದದ್ದನ್ನು ಬೆರಳಿನಲ್ಲಿ ಹೊಸಕಿ ಮೂಸಿ ನೋಡಿದ. ಅವನ ಮುಖ ಸ್ವಲ್ಪ ಬದಲಾಯಿತು. "ಬರೀ ಕುಂಕುಮ ಆಗಿದ್ರೆ ಉದುರಿ ಹೋಗ್ತಿತ್ತು. ಇದು ಮೇಣ ಹಚ್ಚಿ ಇಟ್ಟಿರೋದು" ಎಂದ. ನಮ್ಮ ಕಡೆ ಹೆಂಗಸರು ಹಣೆಗೆ ಮೊದಲು ಚೂರು ಮೇಣ ಹಚ್ಚಿ ಅದರ ಮೇಲೆ ಕುಂಕುಮ ಇಡುತ್ತಾರೆ, ಸಂಜೆಯ ತನಕ ಅಲುಗುವುದಿಲ್ಲ. "ಈ ಕಾರಿಗೆ ಪೂಜೆ ಮಾಡೋರು ಯಾರು ಸಾರ್" ಎಂದು ಕೇಳಿದ. ನಾನು ಹೆಮ್ಮೆಯಿಂದ, "ನನ್ನ ನಾದಿನಿ. ನೀವು ನೋಡೋಕೆ ಹೊರಟಿರೋ ಹುಡುಗೀನೇ. ಬಹಳ ಭಕ್ತಿ. ಕಾರಿಗೇ ಮೇಣ ಹಚ್ಚಿ ಕುಂಕುಮ ಇಡ್ತಾಳೆ ಅಂದ್ಮೇಲೆ ನೀವೇ ಯೋಚನೆ ಮಾಡಿ" ಎಂದೆ.

ಅವನು ಯೋಚನೆ ಮಾಡಿದ. ಆಮೇಲೆ ಹಿಂದಿನ ಸೀಟಿನತ್ತ ತಿರುಗಿ, "ಏನಿಲ್ಲ ದೊಡ್ಡಪ್ಪ, ಒಂದಿಷ್ಟು ಕಸ ಕೂತಿತ್ತು. ನೀವು ಇಳೀಬೇಡಿ" ಎಂದ. ಪಂಪಿನ ಹಿಡಿಯನ್ನು ಅವನೇ ಒತ್ತಿದ. ಅಲ್ಲಿಂದ ಬೆಂಗಳೂರು ಹಾದು ಹೊಸಕೋಟೆಯ ತನಕ 'ಸಾರ್, ನಿಲ್ಲಲೇ' ಎಂದು ಕಾರು ಒಂದು ಸಲವೂ ಕೇಳಲಿಲ್ಲ. ಗಂಗಣ್ಣ ಕಿಟಕಿಯ ಹೊರಗೆ ನೋಡುತ್ತಾ ಆಗಾಗ್ಗೆ ತನ್ನಷ್ಟಕ್ಕೆ ನಗುತ್ತಿದ್ದ. ಹುಡುಗಿಯ ಭಕ್ತಿಯ ವಿಷಯ ಅವನ ಮನಸ್ಸಿಗೆ ಹಿಡಿಸಿದೆ ಎಂದು ತಿಳಿದು, ಅವಳು ಎಷ್ಟು ಮುಗ್ಧಳು, ಹೇಳಿದ್ದಕ್ಕೆಲ್ಲ ಹೇಗೆ ಹೂಂಗುಟ್ಟುತ್ತಾಳೆ ಎಂಬುದನ್ನೆಲ್ಲ ನಾನು ದಾರಿಯುದ್ದಕ್ಕೂ ವಿವರಿಸಿದೆ. ಅವನ ನಗು ಹೆಚ್ಚಾಯಿತು.

ಕಾರು ಅಂಗಳದಲ್ಲಿ ತುಂಬಿಕೊಂಡು ಬಂದು ನಿಂತದ್ದನ್ನು ಕಂಡು ಮಾವನವರು ಮಂಡಿನೋವನ್ನೂ ಮರೆತು ಜಗುಲಿಯಿಂದ ಇಳಿದು ಬಂದರು. ಅತ್ತೆ ಕಣ್ಣೊರೆಸಿಕೊಂಡರು. ನನಗೂ ಕಣ್ಣು ಒದ್ದೆಯಾಯಿತು, ಸುಳ್ಳು ಹೇಳುವುದಿಲ್ಲ. ಚಾಪೆ ಹಾಸಿ ಎಲ್ಲರೂ ಕುಳಿತ ಮೇಲೆ ರತ್ನ ಉಪ್ಪಿಟ್ಟಿನ ತಟ್ಟೆಗಳನ್ನು ತಂದಳು. ತಲೆ ತಗ್ಗಿಸಿಕೊಂಡೇ ಬಂದವಳು ಗಂಗಣ್ಣನ ಉಗುರುಗಳನ್ನು ನೋಡಿ ಒಂದು ಗಳಿಗೆ ನಿಂತಳು. ದೊಡ್ಡಪ್ಪ ಹಾಡು ಬರುತ್ತದೆಯೇ, ಮುದ್ದೆ ತಿರುವಲು ಬರುತ್ತದೆಯೇ ಎಂದು ವಾಡಿಕೆಯ ಪ್ರಶ್ನೆಗಳನ್ನು ಕೇಳಿದರು. ಹುಡುಗ ಏನಾದರೂ ಕೇಳುವುದಿದ್ದರೆ ಕೇಳಲಿ ಎಂದು ಮಾವನವರು ಅಂದರು. ಗಂಗಣ್ಣ ಉಪ್ಪಿಟ್ಟಿನ ತಟ್ಟೆಯನ್ನು ಕೆಳಗಿಟ್ಟ.

"ಕುಂಕುಮಕ್ಕೆ ಹಚ್ಚೋದು ಜೇನುಮೇಣಾನಾ" ಎಂದು ಕೇಳಿದ.

ಅತ್ತೆಗೆ ಬಹಳ ಮೆಚ್ಚುಗೆಯಾಯಿತು. ಇಷ್ಟು ಸಣ್ಣ ಶಾಸ್ತ್ರವನ್ನೂ ವಿಚಾರಿಸುವ ಹುಡುಗ ಈ ಕಾಲದಲ್ಲಿ ಎಲ್ಲಿ ಸಿಗುತ್ತಾನೆ ಎಂಬಂತೆ ನನ್ನ ಕಡೆ ನೋಡಿದರು. ರತ್ನ ತಲೆ ಎತ್ತಿ ಅವನನ್ನೇ ನೋಡಿದಳು. "ಹೌದು" ಎಂದಳು.

"ತೂತು ಕಾಣ್ಲಿಲ್ವಾ."

"ಕಾಣ್ತು."

"ಮೂರು ಸಲಾನೂ?"

"ಮೂರನೇ ಸಲ ಸ್ವಲ್ಪ ಕಮ್ಮಿ ಹಾಕಿದ್ದೆ" ಎಂದಳು ರತ್ನ.

ಗಂಗಣ್ಣ ಮತ್ತೆ ತಟ್ಟೆ ಎತ್ತಿಕೊಂಡು, ದೊಡ್ಡಪ್ಪನ ಕಡೆ ತಿರುಗಿ, "ನಂಗೆ ಒಪ್ಪಿಗೆ" ಎಂದ. ದೊಡ್ಡಪ್ಪ ಏನೂ ಅರ್ಥವಾಗದೆ, ದಾರಿಯಲ್ಲಿ ಎದುರು ಬಂದ ಕೊಡದಲ್ಲಿ ನೀರಿತ್ತು ಎಂಬುದನ್ನು ಜ್ಞಾಪಿಸಿಕೊಂಡು ಸಮಾಧಾನಪಟ್ಟರು. ಹಣೆಗೆ ಹಚ್ಚುವ ಮೇಣದ ಮಾತೆಂದು ತಿಳಿದು ಮನೆಯವರೆಲ್ಲ ಸುಮ್ಮನೆ ನಗುತ್ತಿದ್ದರು. ಆ ಕೋಣೆಯಲ್ಲಿ ವಿಷಯ ತಿಳಿದದ್ದು ಅವರಿಬ್ಬರನ್ನು ಬಿಟ್ಟರೆ ನನಗೊಬ್ಬನಿಗೇ ಎಂದುಕೊಂಡೆ, ಅದೂ ಅವರಿಗಿಂತ ತಡವಾಗಿ. ಉಪ್ಪಿಟ್ಟು ನನ್ನ ಗಂಟಲಿಗೆ ಸಿಕ್ಕಿಕೊಂಡಿತು. ಜಯಮ್ಮ ನೀರು ತಂದು ಕೊಟ್ಟಳು.

ಸಂಜೆ, ಮತ್ತೆ ಆ ಕಾರು ಬೇಡವೆಂದ ದೊಡ್ಡಪ್ಪನನ್ನೂ ಗಂಗಣ್ಣನನ್ನೂ ಬಸ್ಸು ಹತ್ತಿಸಿ ಬಂದು, ಗಿರಣಿಯ ಹಿಂದೆ ರತ್ನನನ್ನು ಹಿಡಿದು ನಿಲ್ಲಿಸಿದೆ. ಕೋರ್ಟಿನ ದನಿಯಲ್ಲೇ ಕೇಳಿದೆ. ಅವಳು ಏನನ್ನೂ ಮುಚ್ಚಿಡಲಿಲ್ಲ. ಎಣ್ಣೆ ಡ್ರಮ್ಮಿನ ಇನ್ನೊಂದು ಬಾಯಿ ಸಡಿಲಿಸದೆ ಎಣ್ಣೆ ಸುರಿಯುವುದಿಲ್ಲ ಎಂಬುದನ್ನು ಪೀರು ಸಾಹೇಬರು ಅವಳಿಗೆ ಏಳನೆಯ ವಯಸ್ಸಿನಲ್ಲೇ ತೋರಿಸಿದ್ದರಂತೆ. ಹೆಣ್ಣು ನೋಡುವ ದಿನ ಮೇಣ ಒತ್ತುವುದು, ಮಾರನೆಯ ದಿನ ಸೂಜಿಯಿಂದ ತೆಗೆದುಬಿಡುವುದು. "ಅಂಥಾ ಗಂಡುಗಳನ್ನ ಯಾಕಮ್ಮ ಬೇಡ ಅಂದೆ" ಎಂದು ಕೇಳಿದೆ. "ನೀವೇ ಹೇಳಿದ್ರಲ್ಲ ಭಾವ, ಒಬ್ಬರು ಅವರಮ್ಮನ್ನ ಬಿಟ್ಟು ಮಾತಾಡಲ್ಲ, ಇನ್ನೊಬ್ಬರು ಮನೆಗೆ ಬೀಗ ಹಾಕ್ಕೊಂಡು ಹೋಗ್ತಾರೆ ಅಂತ. ನೀವು ಹೇಳ್ದಿದ್ರೆ ನಂಗೆ ಹೆಂಗೆ ಗೊತ್ತಾಗ್ತಿತ್ತು" ಎಂದಳು. "ಹಾಗಾದರೆ ಇವನಿಗೂ ಯಾಕೆ ಹಾಕಿದೆ. ಸಮೇತನಹಳ್ಳಿಗೆ ಹೂಂ ಅಂದಿದ್ರೆ ಏನು ಮಾಡ್ತಿದ್ದೆ" ಎಂದು ಜೋರು ಮಾಡಿದೆ. ಅವಳ ಮುಖ ಸಪ್ಪಗಾಯಿತು. "ಅದಕ್ಕೇ ಭಾವ, ಪೂರ್ತಿ ಹಾಕೋಕೆ ಧೈರ್ಯ ಬರ್ಲಿಲ್ಲ. ಈ ಸಲ ನೀವೇನೂ ಹೇಳ್ಲಿಲ್ವಲ್ಲ. ಹಂಗಾಗಿ ಒಂಚೂರು ಹಾಕಿ ನೋಡ್ದೆ" ಎಂದಳು. ಅಷ್ಟು ಚಿಕ್ಕ ತೂತಿನಲ್ಲಿ ಆ ಹುಡುಗಿ ತನ್ನ ಇಡೀ ಬಾಳನ್ನು ಇಟ್ಟು ಆಡಿದ್ದಳು. ನಾನು ಮೂರು ತಿಂಗಳು ಅದರ ಸುತ್ತ ತಿರುಗುತ್ತಾ ಎಂಜಿನ್ನಿನ ವಿಷಯ ಎಲ್ಲರನ್ನೂ ಕೇಳಿದ್ದೆ, ನಿನಗೆ ಯಾರು ಇಷ್ಟವಮ್ಮ ಎಂದು ಮಾತ್ರ ಕೇಳಿರಲಿಲ್ಲ. ಬೈಯಲು ಬಂದವನು ಬೈಯದೆ ಹಿಂದಿರುಗಿದೆ.

ಮನೆಗೆ ಬಂದಾಗ ಜಯಮ್ಮ ಮೊರದಲ್ಲಿ ಅಕ್ಕಿ ಹಾಕಿಕೊಂಡು ಕಲ್ಲು ಆರಿಸುತ್ತಿದ್ದಳು. ನಾನು ಬಾಗಿಲು ಹಾಕಿ, ದನಿ ತಗ್ಗಿಸಿ, ಅವಳ ತಂಗಿಯ ಕಾರಸ್ತಾನವನ್ನು ಒಂದೊಂದಾಗಿ ಬಿಡಿಸಿ ಹೇಳಿದೆ. ಅವಳು ಬೆಚ್ಚಿಬೀಳುತ್ತಾಳೆಂದು ಕಾದೆ. ಅವಳು ಎರಡು ಕಲ್ಲು ಆರಿಸಿ ಪಕ್ಕಕ್ಕೆ ಹಾಕಿದಳು.

"ಗೊತ್ತು" ಎಂದಳು. "ಮೇಣ ನನ್ನ ಭರಣೀದೇ."

ನಾನು ಕುಳಿತುಕೊಂಡೆ. "ನಿನಗೂ ಇಂಥಾ ಬುದ್ಧಿಯೆಲ್ಲ ಇತ್ತೇನು" ಎಂದು ತಮಾಷೆಗೆಂಬಂತೆ ಕೇಳಿದೆ.

"ನನ್ನ ನೋಡೋಕೆ ನೀವು ಎತ್ತಿನ ಗಾಡೀಲಿ ಬಂದ್ರಿ" ಎಂದಳು ಜಯಮ್ಮ. "ಗಾಡೀಲಿ ಎಲ್ಲೀಂತ ಹಚ್ಚೋದು."

ಅದನ್ನು ಅವಳು ನಗುತ್ತಾ ಹೇಳಿದಳೋ ನಗದೆ ಹೇಳಿದಳೋ ನನಗೆ ಕಾಣಿಸಲಿಲ್ಲ. ಮುಖ ಮೊರದ ಕಡೆಗಿತ್ತು. ಪಾಟೀಸವಾಲಿನಲ್ಲಿ ನಾನು ದೊಡ್ಡ ದೊಡ್ಡ ಸಾಕ್ಷಿಗಳ ಬಾಯಿ ಬಿಡಿಸಿದವನು. ಆದರೆ ಈ ಒಂದು ಸಾಕ್ಷಿಗೆ ಇನ್ನೊಂದು ಪ್ರಶ್ನೆ ಹಾಕುವ ಧೈರ್ಯ ನನಗೆ ಇವತ್ತಿನ ತನಕ ಬಂದಿಲ್ಲ.